ಹೊಡೆತ ತಿಂದ ಹಳೇ ಸ್ಪೋರ್ಟ್ಸ್ ಕಾರು: ರಿಪೇರಿ ಮಾಡಿಸೋದಾ, ಬಿಡೋದಾ?

ಬೆಳಗಾವಿ ಸುತ್ತಮುತ್ತ ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ತುಂಬಾ ಜನ ಇಲ್ಲ. ಇರುವವರು ಕೇಳುವ ಪ್ರಶ್ನೆ ಮಾತ್ರ ಒಂದೇ. ಚೋರ್ಲಾ ಘಾಟಿನ ತಿರುವಿನಲ್ಲಿ ಗಾಡಿ ಗುದ್ದಿರುತ್ತದೆ. ಇಲ್ಲಾ, ಅಜ್ಜನ ಕಾಲದ ಬ್ರಿಟಿಷ್ ಕಾರು ಎಂಜಿ ಶೆಡ್ಡಿನಲ್ಲೇ ತುಕ್ಕು ಹಿಡಿದಿರುತ್ತದೆ. ಇಲ್ಲಾ, 2019ರ ಆಗಸ್ಟ್ ನೆರೆಯಲ್ಲಿ ಮುಳುಗಿದ್ದು ಹಾಗೇ ನಿಂತಿರುತ್ತದೆ. ರಿಪೇರಿ ಮಾಡಿಸಲಾ, ಕೊಟ್ಟುಬಿಡಲಾ?

ಎಷ್ಟೋ ಊರುಗಳಲ್ಲಿ "ಪಾರ್ಟ್ ಸಿಗಲ್ಲ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ನಮ್ಮಲ್ಲಿ ಮುಗಿಯೋದಿಲ್ಲ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಫೌಂಡ್ರಿ ಇವೆ, ಲೇತ್ ಇವೆ, ಗ್ರೈಂಡಿಂಗ್ ಶಾಪ್ ಇವೆ. ಮುರಿದದ್ದನ್ನು ತೋರಿಸಿದರೆ ಹೊಸದು ಮಾಡಿಕೊಡುವವರು ಸಿಗುತ್ತಾರೆ. ಯಾವ ಮಿಸ್ತ್ರಿಯೂ "ಆಗಲ್ಲ" ಅನ್ನೋದಿಲ್ಲ, "ಮಾಡೂಣ ತಗೊರಿ ಸಾಹೇಬ್ರ, ಏನ್ ಚಿಂತಿ ಮಾಡಬ್ಯಾಡ್ರಿ" ಅಂತಾನೆ. ಕಷ್ಟ ಶುರುವಾಗೋದೇ ಇಲ್ಲಿಂದ. ಎಲ್ಲವೂ ಆಗುತ್ತದೆ ಅನ್ನುವ ಊರಿನಲ್ಲಿ ಎಲ್ಲಿ ನಿಲ್ಲಿಸಬೇಕು ಅಂತ ಗಾಡಿಯ ಮಾಲೀಕನೇ ಗೊತ್ತುಮಾಡಿಕೊಳ್ಳಬೇಕು.

ಅದಕ್ಕೆ ಒಂದು ಸರದಿ ಇದೆ. ಮೊದಲು ಕಾಗದ, ಆಮೇಲೆ ಚಾಸಿ, ಅಂದರೆ ಗಾಡಿಯ ಭಾರ ಹೊರುವ ಚೌಕಟ್ಟು, ಆಮೇಲೆ ಸಸ್ಪೆನ್ಷನ್ ಮತ್ತು ಎಂಜಿನ್, ಎಲ್ಲಕ್ಕಿಂತ ಕೊನೆಗೆ ಬಣ್ಣ. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಗಾಡಿ ಹೊಳೆಯುತ್ತದೆ, ರಸ್ತೆಗೆ ಇಳಿಸೋಕೆ ಬರೋದಿಲ್ಲ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಬಟ್ಟೆ ಸುತ್ತಿದ ಒಂದು ಅಯಸ್ಕಾಂತ, ಉದ್ದದ ಅಳತೆ ಟೇಪು, ಸೀಮೆಸುಣ್ಣ, ಟಾರ್ಚು, ಒಂದು ಹಳೇ ಸ್ಕ್ರೂಡ್ರೈವರ್, ಗೌಂಡಿಗಳು ಗೋಡೆ ನೆಟ್ಟಗಿದೆಯಾ ಅಂತ ನೋಡುವ ತೂಗುಗುಂಡು. ಸಾಧ್ಯವಾದರೆ ನಿಮ್ಮ ಮಾಡೆಲ್ಲಿನ ವರ್ಕ್‌ಶಾಪ್ ಮ್ಯಾನುಯಲ್, ಅಂದರೆ ಕಂಪನಿ ತನ್ನ ಗ್ಯಾರೇಜುಗಳಿಗೆ ಕೊಡುತ್ತಿದ್ದ ರಿಪೇರಿ ಪುಸ್ತಕ.

1. ಮೊದಲ ದಿನ: ಏನನ್ನೂ ಬಿಚ್ಚಬೇಡಿ, ಏನನ್ನೂ ಎಸೆಯಬೇಡಿ

ಬ್ಯಾಟರಿ ತಂತಿ ತೆಗೆಯಿರಿ. ಟ್ಯಾಂಕಿನಿಂದ ಪೆಟ್ರೋಲ್ ಸೋರುತ್ತಿದೆಯಾ ನೋಡಿ. ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ, ಅಡಿಯಿಂದಲೂ.

ಗಾಡಿಯನ್ನು ಟೋಚನ್ ಹಾಕಿ ಎಳೆಸಬೇಡಿ. ಮುಂದಿನ ಚಕ್ರ ಓರೆಯಾಗಿದ್ದಾಗ ಎಳೆದರೆ ಸ್ಟೀರಿಂಗ್ ರಾಡು, ಸಸ್ಪೆನ್ಷನ್ ಇನ್ನಷ್ಟು ಹಾಳಾಗುತ್ತವೆ. ದುಡ್ಡು ಸ್ವಲ್ಪ ಜಾಸ್ತಿ ಹೋದರೂ ಪೂರ್ತಿ ಗಾಡಿಯನ್ನೇ ಹೊತ್ತು ತರುವ ಫ್ಲ್ಯಾಟ್‌ಬೆಡ್ ಕರೆಸಿ.

ರಸ್ತೆಯಲ್ಲಿ ಬಿದ್ದ ಚೂರುಗಳನ್ನು ಒಂದು ಚೀಲಕ್ಕೆ ಹಾಕಿಕೊಳ್ಳಿ. ಮುರಿದ ಲೈಟಿನ ರಿಂಗು, ಕ್ರೋಮ್ ಪಟ್ಟಿ, ಹೆಸರಿನ ಬ್ಯಾಡ್ಜು, ಹಿಡಿಕೆ ಯಾವುದನ್ನೂ ಬಿಡಬೇಡಿ. ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಅದು ಕಿಲೋ ಲೆಕ್ಕ. ನಿಮಗೆ ಅದು ಹೊಸದು ಮಾಡಿಸುವಾಗ ಬೇಕಾಗುವ ಮಾದರಿ.

2. ಕಾಗದ ನೋಡಿ

ಆರ್‌ಸಿ ಜೀವಂತ ಇದೆಯಾ? ಮೊದಲ ಪ್ರಶ್ನೆ ಇದು. ಖಾಸಗಿ ಕಾರಿಗೆ ಮೊದಲ ನೋಂದಣಿ 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2025ರ ಆಗಸ್ಟಿನಿಂದ 10,000 ರೂಪಾಯಿ ಆಗಿದೆ. ಆಮದು ಕಾರಾದರೆ 80,000. ಹಸಿರು ತೆರಿಗೆ, ತಡವಾದ ದಂಡ ಬೇರೆ. ಈ ಮೊತ್ತವನ್ನು ರಿಪೇರಿ ಲೆಕ್ಕದೊಳಗೇ ಸೇರಿಸಿ.

50 ವರ್ಷ ದಾಟಿದ ಕಾರಾದರೆ ಇನ್ನೊಂದು ದಾರಿ ಇದೆ. 2021ರ ಜುಲೈನಲ್ಲಿ ಬಂದ ಕೇಂದ್ರ ನಿಯಮದ ಪ್ರಕಾರ ಅದನ್ನು ವಿಂಟೇಜ್ ವಾಹನ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ 'ವಿಎ' ಅಕ್ಷರ. ಮರುನೋಂದಣಿಗೆ 5,000. ಹಳೇ ನಂಬರ್ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಹೀಗೆ ನೋಂದಾಯಿಸಿದ ಗಾಡಿಯಲ್ಲಿ ದಿನಾ ಆಫೀಸಿಗೆ ಹೋಗೋಕೆ ಬರೋದಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಂಥದ್ದಕ್ಕಷ್ಟೇ ರಸ್ತೆಗೆ ಇಳಿಸಬೇಕು.

ರಿಪೇರಿ ಮಾಡಿಸುವವರಿಗೆ ಮುಖ್ಯವಾದ ಮಾತು ಇದರೊಳಗೇ ಇದೆ. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು ಅನ್ನುತ್ತದೆ ನಿಯಮ. "ಹೆಂಗೂ ಎಂಜಿನ್ ಹೋಗ್ಯದ, ಮಾರುತಿ ಎಂಜಿನ್ ಕೂಡ್ರಿಸೂಣ್ರಿ" ಅನ್ನುವ ಸಲಹೆ ಗ್ಯಾರೇಜಿನಲ್ಲಿ ಖಂಡಿತ ಬರುತ್ತದೆ. ಒಪ್ಪಿದರೆ ವಿಂಟೇಜ್ ದಾರಿ ಮುಚ್ಚಿತು. ಸಾಮಾನ್ಯ ನೋಂದಣಿಯಲ್ಲೂ ಆರ್‌ಟಿಓ ಅನುಮತಿ ಇಲ್ಲದೆ ಎಂಜಿನ್ ಬದಲಿಸುವಂತಿಲ್ಲ.

ಚಾಸಿ ನಂಬರ್ ಎಲ್ಲಿದೆ ಅಂತ ಹುಡುಕಿ, ಆರ್‌ಸಿ ಜೊತೆ ತಾಳೆ ನೋಡಿ. ಎಷ್ಟೋ ಹಳೇ ಬ್ರಿಟಿಷ್ ಕಾರಿನಲ್ಲಿ ಅದು ರಿವೆಟ್ ಹೊಡೆದ ಸಣ್ಣ ತಗಡಿನ ಮೇಲೆ ಇರುತ್ತದೆ. ಜಜ್ಜಿ ಹೋದ ಭಾಗದಲ್ಲೇ ಆ ತಗಡು ಇದ್ದರೆ, ಟಿಂಕರ್ (ತಗಡು ಕೆಲಸದವನು) ಕಟರ್ ಹಚ್ಚುವ ಮುಂಚೆ ಫೋಟೋ ತೆಗೆದು ಆರ್‌ಟಿಓಗೆ ಲಿಖಿತವಾಗಿ ತಿಳಿಸಿ.

ಆರ್‌ಸಿಯೇ ಇಲ್ಲ, ಮಾಲೀಕ ತೀರಿಕೊಂಡಿದ್ದಾರೆ, ಹೆಸರು ವರ್ಗ ಆಗಿಲ್ಲ ಅಂದರೆ ಇಲ್ಲೇ ನಿಲ್ಲಿ. ಕಾಗದ ಸರಿಯಾಗುವ ತನಕ ಗಾಡಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

3. ಇನ್ಶೂರೆನ್ಸ್: ಪಾಲಿಸಿ ಯಾವುದು ಅಂತ ಓದಿ

ಹಳೇ ಕಾರಿನ ಪಾಲಿಸಿಗಳಲ್ಲಿ ಬರೀ ಥರ್ಡ್ ಪಾರ್ಟಿಯವೇ ಜಾಸ್ತಿ. ಅದು ಎದುರಿನವರ ನಷ್ಟಕ್ಕೆ ಮಾತ್ರ. ನಿಮ್ಮ ಗಾಡಿಗೆ ಬಿಡಿಗಾಸೂ ಬರೋದಿಲ್ಲ. ಹಾಗಿದ್ದರೆ ಈ ಹಂತ ಬಿಟ್ಟು ಮುಂದೆ ಹೋಗಿ.

ನಿಮ್ಮ ಗಾಡಿಯ ನಷ್ಟಕ್ಕೂ ದುಡ್ಡು ಕೊಡುವ ಕಾಂಪ್ರಹೆನ್ಸಿವ್ ಇದ್ದರೆ ತಕ್ಷಣ ಕಂಪನಿಗೆ ತಿಳಿಸಿ. ಸರ್ವೇಯರ್, ಅಂದರೆ ನಷ್ಟ ಅಳೆಯಲು ಬರುವವರು, ನೋಡುವ ಮುಂಚೆ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ. ಪಾಲಿಸಿಯಲ್ಲಿ 'ಐಡಿವಿ' ಅಂತ ಒಂದು ಮೊತ್ತ ಇರುತ್ತದೆ. ಗಾಡಿಯ ಬೆಲೆ ಇಷ್ಟು ಅಂತ ನೀವೂ ಕಂಪನಿಯೂ ಒಪ್ಪಿಕೊಂಡದ್ದು. ಐದು ವರ್ಷ ದಾಟಿದ ಕಾರಿಗೆ ಇದು ಮಾತುಕತೆಯಿಂದಲೇ ನಿಗದಿಯಾಗುತ್ತದೆ. ಪ್ರೀಮಿಯಂ ಉಳಿಸೋಕೆ ಅಂತ ಕಡಿಮೆ ಬರೆಸಿದ್ದರೆ ಈಗ ಅದರ ಬಿಸಿ ತಟ್ಟುತ್ತದೆ. ಯಾಕೆಂದರೆ ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಕಂಪನಿ ಅದನ್ನು ಪೂರ್ತಿ ನಷ್ಟ ಅಂತ ಲೆಕ್ಕ ಹಾಕುತ್ತದೆ.

ಬಿಲ್ ಎಲ್ಲಾ ಕಂಪನಿಯೇ ಕೊಡುತ್ತದೆ ಅಂದುಕೊಳ್ಳಬೇಡಿ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ 50% ಸವಕಳಿ ಕಡಿತ. ಫೈಬರ್‌ಗ್ಲಾಸಿಗೆ 30%. ಗಾಜಿಗೆ ಕಡಿತ ಇಲ್ಲ. 10 ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೆ 50%. ಬಣ್ಣದ ಬಿಲ್ಲಿನಲ್ಲಿ ಕಾಲುಭಾಗವನ್ನು ಸಾಮಗ್ರಿ ಅಂತ ಹಿಡಿದು ಅದರಲ್ಲಿ ಅರ್ಧ ಕಡಿಯುತ್ತಾರೆ. ಕೂಲಿ ಪೂರ್ತಿ ಸಿಗುತ್ತದೆ.

ಉದಾಹರಣೆಗೆ ಒಂದು ಬಿಲ್ ಹೀಗಿದೆ ಅಂದುಕೊಳ್ಳಿ. ಲೋಹದ ಭಾಗ 80,000, ರಬ್ಬರ್ ಪ್ಲಾಸ್ಟಿಕ್ 20,000, ಗಾಜು 15,000, ಬಣ್ಣ 60,000, ಕೂಲಿ 90,000. ಒಟ್ಟು 2,65,000. ಕಡಿತ 40,000, 10,000 ಮತ್ತು 7,500. ಉಳಿದದ್ದು 2,07,500. ಕಡ್ಡಾಯವಾಗಿ ನೀವು ಭರಿಸಬೇಕಾದ ಪಾಲು 1,500 ಸಿಸಿ ತನಕ 1,000 ರೂಪಾಯಿ, ಮೇಲಾದರೆ 2,000. 1,798 ಸಿಸಿಯ ಎಂಜಿಬಿ (ಎಂಜಿಯ ಒಂದು ಮಾಡೆಲ್) ಆದರೆ ಕೈಗೆ ಬರೋದು 2,05,500. ಅದೂ ಸರ್ವೇಯರ್ ನಿಮ್ಮ ಬಿಲ್ಲನ್ನು ಹಾಗೇ ಒಪ್ಪಿದರೆ.

ಎಚ್ಚರ ಬೇಕಾದ್ದು ಪೂರ್ತಿ ನಷ್ಟದ ಮಾತು ಬಂದಾಗ. ದುಡ್ಡು ನೋಡಿ ಖುಷಿಯಿಂದ ಸಹಿ ಹಾಕಬೇಡಿ. ಗಾಡಿ ಯಾರ ಪಾಲಾಗುತ್ತದೆ, ಆರ್‌ಸಿ ರದ್ದು ಮಾಡಿಸಬೇಕಾ ಅಂತ ಲಿಖಿತವಾಗಿ ಕೇಳಿ. ಗುಜರಿ ಬೆಲೆ ಕಳೆದು ಉಳಿದ ಮೊತ್ತ ಪಡೆದು ಗಾಡಿಯನ್ನು ನೀವೇ ಇಟ್ಟುಕೊಳ್ಳುವ ದಾರಿಯೂ ಇರುತ್ತದೆ. ಹೊಸ ಕಾರಿನ ಆರ್‌ಸಿ ಹೋದರೆ ಇನ್ನೊಂದು ಕಾರು ಬರುತ್ತದೆ. ಹಳೇ ಕಾರಿನ ಆರ್‌ಸಿ ರದ್ದಾದರೆ ಆ ಕಾರಿನ ಕಥೆ ಮುಗಿದ ಹಾಗೆ.

4. ಚಾಸಿ ಅಳೆಯಿರಿ: ತೀರ್ಮಾನದ ಮುಕ್ಕಾಲು ಪಾಲು ಇಲ್ಲಿದೆ

ಮೊದಲು ನಿಮ್ಮ ಗಾಡಿಯ ಕಟ್ಟಡ ಎಂಥದ್ದು ಅಂತ ತಿಳಿಯಿರಿ. ಕೆಲವಕ್ಕೆ ಚಾಸಿ ಬೇರೆ, ಬಾಡಿ ಬೇರೆ. 1962ರಿಂದ 1980ರ ತನಕ ಬಂದ ಟ್ರಯಂಫ್ ಸ್ಪಿಟ್‌ಫೈರ್ ಹೀಗೆ. 1945ರಿಂದ 1949ರ ಎಂಜಿ ಟಿಸಿಯೂ ಹೀಗೆ. ಟಿಸಿಯಲ್ಲಂತೂ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತದೆ, ಅದಕ್ಕೆ ಟಿಂಕರ್ ಸಾಲದು, ಬಡಿಗ ಬೇಕು. ಎಂಜಿಬಿ ಮಾತ್ರ ಮಾನೊಕಾಕ್. ಅಂದರೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಡಿ ಸೊಟ್ಟ ಆಯಿತು ಅಂದರೆ ಎಲ್ಲವೂ ಸೊಟ್ಟ.

ಅಳೆಯೋದು ಹೀಗೆ. ಗಾಡಿಯನ್ನು ಮಟ್ಟವಾದ ಕಾಂಕ್ರೀಟ್ ನೆಲದ ಮೇಲೆ ಸ್ಟ್ಯಾಂಡಿಗೆ ಏರಿಸಿ. ಮುಂದಿನ ಸಸ್ಪೆನ್ಷನ್ ಕೂರುವ ಎಡ-ಬಲ ಬೋಲ್ಟುಗಳಿಂದ ತೂಗುಗುಂಡು ಇಳಿಬಿಡಿ. ಅದು ತೂಗಾಡೋದು ನಿಂತ ಮೇಲೆ ಅದರ ತುದಿ ತೋರಿಸಿದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಹಿಂದಿನ ಸ್ಪ್ರಿಂಗ್ ಕೂರುವ ಎರಡೂ ಕಡೆ ಹಾಗೇ ಮಾಡಿ. ಗಾಡಿ ಸರಿಸಿದರೆ ನೆಲದ ಮೇಲೆ ನಾಲ್ಕು ಗುರುತು ಉಳಿಯುತ್ತವೆ. ಮುಂದಿನ ಎಡದಿಂದ ಹಿಂದಿನ ಬಲಕ್ಕೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಓರೆಯಾಗಿ ಟೇಪು ಹಿಡಿಯಿರಿ. ಎರಡೂ ಅಳತೆ ಒಂದೇ ಇರಬೇಕು. 2-3 ಮಿಲಿಮೀಟರ್ ಹೆಚ್ಚುಕಡಿಮೆ ಟೇಪು ಹಿಡಿಯುವ ಕೈಯದ್ದೇ ಇರಬಹುದು. ಅದಕ್ಕಿಂತ ಎದ್ದು ಕಾಣುವಷ್ಟು ಬಂದರೆ ಚಾಸಿ ತಿರುಚಿದೆ. ಎಡಗಡೆಯ ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ, ಬಲಗಡೆಯ ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರವನ್ನೂ ನೋಡಿ. ಎಂಜಿಬಿಗೆ ಅದು 91 ಇಂಚು, ಸ್ಪಿಟ್‌ಫೈರ್‌ಗೆ 83.

ಬಾಗಿಲು ಸರಿಯಾಗಿ ಮುಚ್ಚುತ್ತದಾ? ಮುಚ್ಚಿದಾಗ ಸುತ್ತಲಿನ ಸಂದು ಮೇಲೂ ಕೆಳಗೂ ಒಂದೇ ಅಗಲ ಇದೆಯಾ? ಛಾವಣಿ ಇಲ್ಲದ ಗಾಡಿಗೆ ಬಾಗಿಲಿನ ಕೆಳಗಿನ ಉದ್ದ ಪೆಟ್ಟಿಗೆಯಂಥ ಭಾಗವೇ ಬೆನ್ನೆಲುಬು. ಇದಕ್ಕೆ ಸಿಲ್ ಅನ್ನುತ್ತಾರೆ. ಜ್ಯಾಕ್ ಹಚ್ಚಿ ಎತ್ತಿದಾಗ ಬಾಗಿಲು ಬಿಗಿಯಾಗಿ ಸಿಕ್ಕಿಕೊಂಡರೆ ಸಿಲ್ ಒಳಗೇ ತಿಂದುಹೋಗಿದೆ ಅಂತ ಅರ್ಥ. ಇಂಥ ಸಿಲ್ ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಪೈಪು ವೆಲ್ಡ್ ಮಾಡಿ ಬಿಗಿಯಬೇಕು. ಹಾಗೆ ಮಾಡದ ಗ್ಯಾರೇಜಿಗೆ ಕೊಟ್ಟರೆ ಗಾಡಿ ನಡುವೆ ಬಗ್ಗಿ ಹೊರಬರುತ್ತದೆ, ಆಮೇಲೆ ಏನು ಮಾಡಿದರೂ ಬಾಗಿಲು ಕೂರೋದಿಲ್ಲ.

ಸ್ಪಿಟ್‌ಫೈರ್‌ನಂಥ ಗಾಡಿಯಲ್ಲಿ ಚಾಸಿ ಕೆಟ್ಟರೆ ಇನ್ನೊಂದು ಚಾಸಿ ಹುಡುಕಿ ಬಾಡಿಯನ್ನು ಬೋಲ್ಟ್ ಬಿಚ್ಚಿ ಕೂರಿಸಬಹುದು, ಆರ್‌ಟಿಓ ಒಪ್ಪಿದರೆ. ಎಂಜಿಬಿಗೆ ಬ್ರಿಟನ್ನಿನಲ್ಲಿ 1988ರಿಂದ ಹೊಸ ಬಾಡಿ ಶೆಲ್ಲೇ ತಯಾರಾಗುತ್ತಿದೆ. ಆದರೆ ಹಡಗಿನ ಬಾಡಿಗೆ, ಸುಂಕ, ಆರ್‌ಟಿಓ ಓಡಾಟ ಎಲ್ಲ ಸೇರಿಸಿದರೆ ನಮ್ಮಲ್ಲಿ ಅದು ಲೆಕ್ಕಕ್ಕೆ ಕೂರೋದು ಕಷ್ಟ.

5. ತಗಡು ಮತ್ತು ಫೈಬರ್

ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿ ಮೇಲೆ ಜಾರಿಸುತ್ತಾ ಹೋಗಿ. ಹಿಡಿಯದ ಕಡೆ ಪುಟ್ಟಿ ತುಂಬಿದೆ. ಹಳೇ ಅಪಘಾತ ಅಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಅಲ್ಯೂಮಿನಿಯಂ ಭಾಗಕ್ಕೆ ಅಯಸ್ಕಾಂತ ಹಿಡಿಯೋದೇ ಇಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ. ಅಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ, ತುದಿಯಿಂದ ಒತ್ತಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಪುಡಿ ಉದುರಿಸುತ್ತದೆ. ಬೆಳಗಾವಿ ಮಳೆಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಗೆ ಗುದ್ದಿದ ಏಟಿಗಿಂತ ತುಕ್ಕಿನ ಏಟೇ ಜಾಸ್ತಿ ಇರುತ್ತದೆ.

ಗೋವಾದಲ್ಲಿ ತಯಾರಾಗಿ 1998ರಲ್ಲಿ ಬಂದ ಸ್ಯಾನ್ ಸ್ಟಾರ್ಮ್ ಫೈಬರ್‌ಗ್ಲಾಸ್ ಬಾಡಿಯ ಗಾಡಿ. ತುಕ್ಕಿನ ಚಿಂತೆ ಬಾಡಿಗಿಲ್ಲ. ಆದರೆ ಏಟು ಬಿದ್ದ ಜಾಗದಿಂದ ದೂರದಲ್ಲೂ ನಕ್ಷತ್ರದಂಥ ಸಣ್ಣ ಬಿರುಕು ಇರುತ್ತವೆ. ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡಿ. ರೆಸಿನ್ (ಗಟ್ಟಿಯಾಗುವ ರಾಳ) ಮತ್ತು ಮ್ಯಾಟ್ (ಗಾಜಿನ ನಾರಿನ ಹಾಸು) ಹಾಕಿ ಒಳಗಿನಿಂದ ಕಟ್ಟಿದರೆ ಸರಿಹೋಗುತ್ತದೆ, ಬರೀ ಮೇಲೆ ಪುಟ್ಟಿ ಮೆತ್ತಿದರೆ ಬಿರುಕು ವಾಪಸ್ ಬರುತ್ತದೆ. ಎಂಜಿನ್ 1,149 ಸಿಸಿ ರೆನೋ. ನನ್ನ ಅಭಿಪ್ರಾಯ ಕೇಳಿದರೆ, ಫ್ರೇಮ್ ನೆಟ್ಟಗಿರುವ ಸ್ಟಾರ್ಮನ್ನು ಬಿಟ್ಟುಕೊಡಬಾರದು.

ಜೂನ್‌ನಿಂದ ಸೆಪ್ಟೆಂಬರ್ ತನಕ ಬಣ್ಣವೂ ಬೇಡ, ರೆಸಿನ್ ಕೆಲಸವೂ ಬೇಡ. ಗಾಳಿಯಲ್ಲಿ ತೇವ ಇದ್ದರೆ ಎರಡೂ ಕೆಡುತ್ತವೆ. ದೀಪಾವಳಿ ಆದ ಮೇಲೆ ನೋಡಿಕೊಳ್ಳಿ.

6. ಸಸ್ಪೆನ್ಷನ್, ಸ್ಟೀರಿಂಗ್, ಎಂಜಿನ್

ಇಲ್ಲಿ ನಮ್ಮೂರಿನ ಅನುಕೂಲವೂ ಇದೆ, ಅಪಾಯವೂ ಇದೆ.

ಅನುಕೂಲ ಏನೆಂದರೆ, ಬಿರುಕು ಪತ್ತೆ ಹಚ್ಚುವ ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಬಣ್ಣದ ದ್ರವ ಹಚ್ಚಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರೆ ಕಣ್ಣಿಗೆ ಕಾಣದ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ. ಇದಕ್ಕೆ ಡೈ ಪೆನಿಟ್ರೆಂಟ್ ಟೆಸ್ಟ್ ಅನ್ನುತ್ತಾರೆ. ಎರಕದ ಕೆಲಸದವರಿಗೆ ಇದು ಗೊತ್ತಿರುವ ವಿಷಯ. ಗುದ್ದಿದ ಕಡೆಯ ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ದಂಡ), ಸ್ಟೀರಿಂಗ್ ಆರ್ಮ್, ಎಂಜಿನ್ ಬ್ಲಾಕು, ಗೇರ್‌ಬಾಕ್ಸ್ ಕೇಸಿಂಗು ಇಷ್ಟನ್ನೂ ಪರೀಕ್ಷೆ ಮಾಡಿಸಿ. ಬ್ಲಾಕಿನಲ್ಲಿ ಬಿರುಕು ಸಿಕ್ಕರೆ ಎದೆಗುಂದಬೇಡಿ. ಬೀಡುಕಬ್ಬಿಣಕ್ಕೆ ವೆಲ್ಡಿಂಗ್ ಸುಲಭಕ್ಕೆ ಒಗ್ಗೋದಿಲ್ಲ, ಆದರೆ ಬಿರುಕಿನ ಉದ್ದಕ್ಕೂ ಲೋಹದ ಕೀಲು ಕೂರಿಸಿ ಹೊಲಿಯುವ ವಿಧಾನ ಇದೆ. ಬೋರ್, ಅಂದರೆ ಸಿಲಿಂಡರಿನ ಒಳಮೈ, ಸವೆದಿದ್ದರೆ ಒಳಗೆ ಸ್ಲೀವ್ ಅನ್ನುವ ಕೊಳವೆ ಹಾಕಿಸೋದು ದೊಡ್ಡ ಮಾತೇ ಅಲ್ಲ.

ಅಪಾಯ ಏನೆಂದರೆ, ಸ್ಟಬ್ ಆಕ್ಸಲ್ಲನ್ನೂ "ಎರಕ ಹೊಯ್ದು ಕೊಡ್ತೀವ್ರಿ" ಅಂತಾರೆ. ಬೇಡ. ಅದು ಕಾಯಿಸಿ ಬಡಿದು, ಫೋರ್ಜ್ ಮಾಡಿ ತಯಾರಿಸಿದ ಭಾಗ. ಎರಕದ್ದು ನೋಡೋಕೆ ಒಂದೇ ಥರ ಇದ್ದರೂ ಏಟಿಗೆ ತಟ್ಟನೆ ಮುರಿಯುತ್ತದೆ. ಬಗ್ಗಿದ ಸ್ಟೀರಿಂಗ್ ಆರ್ಮನ್ನು ಕಾಯಿಸಿ ನೆಟ್ಟಗೆ ಮಾಡಿಸೋದು, ಬಿರುಕಿಗೆ ವೆಲ್ಡ್ ಹಚ್ಚಿಸೋದು ಎರಡೂ ಬೇಡ. ಸ್ಟೀರಿಂಗ್ ಮತ್ತು ಬ್ರೇಕಿನ ಭಾಗ ತರಿಸಿಯೇ ಹಾಕಬೇಕು. ಹಿಡಿಕೆ, ಬ್ರಾಕೆಟ್, ಬುಶ್, ನೀರಿನ ಪಂಪಿನ ಮೈ ಇಂಥವನ್ನು ಧಾರಾಳವಾಗಿ ಇಲ್ಲೇ ಮಾಡಿಸಿ.

ಸ್ಪಿಟ್‌ಫೈರ್ ಇದ್ದವರಿಗೆ ಒಂದು ಮಾತು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದರ ದಾಯಾದಿ. ಮುಂದಿನ ಸಸ್ಪೆನ್ಷನ್ನಿನ ಎಷ್ಟೋ ಭಾಗ ಹೊಂದುತ್ತವೆ. ಹಳೇ ಹೆರಾಲ್ಡ್ ಎಲ್ಲಾದರೂ ಭಂಗಾರಕ್ಕೆ ಹೋಗುತ್ತಿದ್ದರೆ ಓಡಿ ಹೋಗಿ ನೋಡಿ. ಎರಡಕ್ಕೂ ಒಂದೇ ಕಾಯಿಲೆ. ಮುಂದಿನ ಚಕ್ರ ಹಿಡಿದಿರುವ ಕಂಬದ ಕೆಳತುದಿಯಲ್ಲಿ ಟ್ರನಿಯನ್ ಅನ್ನುವ ಹಿತ್ತಾಳೆ ಬಣ್ಣದ ಭಾಗ ಇರುತ್ತದೆ. ಅದರೊಳಗೆ ಆ ಉಕ್ಕಿನ ಕಂಬದ ಮರೆ, ಅಂದರೆ ಸ್ಕ್ರೂನಲ್ಲಿರುವಂಥ ಥ್ರೆಡ್, ತಿರುಗುತ್ತದೆ. ಅದಕ್ಕೆ ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್ ಹಾಕಬೇಕು. ಹಾಕದಿದ್ದರೆ ಮರೆಯ ಬುಡದಲ್ಲಿ ತುಕ್ಕು ಹಿಡಿದು ಒಂದು ದಿನ ಕಂಬವೇ ತುಂಡಾಗುತ್ತದೆ. ಬಿಚ್ಚಿದಾಗ ಅಲ್ಲಿ ಹಳ್ಳ ಬಿದ್ದಿದ್ದರೆ ಅಪಘಾತದ ಕಾರಣ ನಿಮಗೆ ಅಲ್ಲೇ ಸಿಗಬಹುದು.

ಕಡ್ಡಿ ಚಕ್ರ ಇದ್ದರೆ ಪ್ರತಿ ಕಡ್ಡಿಯನ್ನೂ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಬಿಗಿ ಇರುವುದು ಟಿಣ್ ಅನ್ನುತ್ತದೆ, ಸಡಿಲಾದದ್ದು ದಬ್ ಅನ್ನುತ್ತದೆ.

ಬೋಲ್ಟುಗಳ ವಿಷಯ. ಹಳೇ ಬ್ರಿಟಿಷ್ ಗಾಡಿಯ ಮರೆಗಳು ನಮ್ಮ ಮೆಟ್ರಿಕ್ ಬೋಲ್ಟಿಗೆ ಹೊಂದೋದಿಲ್ಲ. ಎಂಜಿ ಟಿಸಿಯ ಎಂಜಿನ್ ಇನ್ನೂ ವಿಚಿತ್ರ, ಮರೆ ಮೆಟ್ರಿಕ್, ತಲೆ ಮಾತ್ರ ವ್ಹಿಟ್‌ವರ್ಥ್ ಅನ್ನುವ ಹಳೇ ಬ್ರಿಟಿಷ್ ಅಳತೆಯ ಸ್ಪ್ಯಾನರಿನದು. ಒತ್ತಾಯದಿಂದ ತಿರುಗಿಸಿದರೆ ಬ್ಲಾಕಿನ ಮರೆಯೇ ಹೋಗುತ್ತದೆ. ಇನ್ನೊಂದು, 1967ರ ತನಕದ ಎಂಜಿಬಿಯಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಕೂಡಿಸಿರುತ್ತದೆ. ಅಭ್ಯಾಸಬಲದಿಂದ ಮೈನಸ್ ಕೂಡಿಸಿಬಿಡುತ್ತಾರೆ. ಬ್ಯಾಟರಿ ಪಕ್ಕ ದೊಡ್ಡದಾಗಿ ಚೀಟಿ ಅಂಟಿಸಿ.

7. ನೀರು ಹೊಕ್ಕಿದ್ದರೆ, ಬೆಂಕಿ ತಗುಲಿದ್ದರೆ

ಮುಳುಗಿದ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ, ತಳ್ಳಿ ಸ್ಟಾರ್ಟ್ ಮಾಡೋದಂತೂ ಬೇಡವೇ ಬೇಡ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡು ಬಗ್ಗುತ್ತದೆ. ಪ್ಲಗ್ ಬಿಚ್ಚಿ ನೀರು ಹೊರಹಾಕಿ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಆಯಿಲ್ ಮತ್ತು ಬ್ರೇಕ್ ಆಯಿಲ್ ಎಲ್ಲವನ್ನೂ ಬದಲಿಸಿ. ಹಳೇ ಕಾರಿನಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲದಿರೋದು ಇಲ್ಲಿ ವರ. ಬೇಗ ಕೈ ಹಾಕಿದರೆ ಮುಳುಗಿದ ಗಾಡಿ ಉಳಿಯುತ್ತದೆ.

ಸುಟ್ಟ ಗಾಡಿಯ ಮಾತು ಬೇರೆ. ತಗಡು ಸೊಟ್ಟಗಾಗುತ್ತದೆ, ಸ್ಪ್ರಿಂಗುಗಳು ಬಿಗಿ ಕಳೆದುಕೊಳ್ಳುತ್ತವೆ, ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೆ ಕರಗುತ್ತದೆ. ಕಾರ್ಬ್ಯುರೇಟರ್ ಕರಗಿ ಗಡ್ಡೆ ಕಟ್ಟಿದ್ದರೆ ಸುತ್ತಲಿನ ಉಕ್ಕಿಗೂ ಎಷ್ಟು ಕಾವು ತಾಗಿದೆ ಅಂತ ಲೆಕ್ಕ ಹಾಕಿ. ಬೆಂಕಿ ಎಂಜಿನ್ ಕೋಣೆ ದಾಟಿ ಒಳಗೆ ಬಂದಿದ್ದರೆ ನಾನು ಬೇಡ ಅಂತಲೇ ಹೇಳುತ್ತೇನೆ.

8. ಲೆಕ್ಕ ಹಾಕಿ

ಒಬ್ಬರೇ ಹೇಳಿದ ಒಟ್ಟು ಮೊತ್ತ ನಂಬಬೇಡಿ. ಟಿಂಕರ್, ಎಂಜಿನ್ ಮಿಸ್ತ್ರಿ, ಎಲೆಕ್ಟ್ರಿಷಿಯನ್, ಬಣ್ಣದವರು, ಸೀಟು ಹೊಲಿಯುವವರು, ಹೀಗೆ ಬೇರೆ ಬೇರೆ ಅಂದಾಜು ಬರೆಸಿಕೊಳ್ಳಿ. ತರಿಸುವ ಭಾಗಗಳಿಗೆ ಸುಂಕ, ಸಾಗಣೆ ಸೇರಿಸಿ. ಬಂದ ಮೊತ್ತಕ್ಕೆ ಮೂರನೇ ಒಂದು ಭಾಗ ಕೂಡಿಸಿ. ಬಿಚ್ಚಿದ ಮೇಲೆ ಇನ್ನೇನಾದರೂ ಸಿಗದೇ ಇರೋದಿಲ್ಲ. ಆಮೇಲೆ ಇನ್ಶೂರೆನ್ಸ್ ಮೊತ್ತ ಕಳೆಯಿರಿ.

ಈಗ ಮೂರು ದಾರಿ. ಕಾಗದ ಸರಿ, ಚಾಸಿ ನೆಟ್ಟಗೆ, ಖರ್ಚು ನಿಮ್ಮ ಕೈಗೆ ಎಟುಕುವಂತಿದೆ ಅಂದರೆ ಮಾಡಿಸಿ. ಮುಂದೆ ಮಾರಿದರೆ ದುಡ್ಡು ವಾಪಸ್ ಬರುತ್ತದೆ ಅನ್ನುವ ಆಸೆಯಿಂದ ಮಾತ್ರ ಮಾಡಿಸಬೇಡಿ. ಕಾಗದ ಸರಿ ಇದೆ, ಚಾಸಿ ಸರಿ ಇದೆ, ದುಡ್ಡು ಮಾತ್ರ ಈಗ ಇಲ್ಲ ಅಂದರೆ ಅವಸರ ಬೇಡ. ತುಕ್ಕಿಗೆ ಎಣ್ಣೆ ಹಚ್ಚಿ, ಎತ್ತರಿಸಿ ಇಟ್ಟು, ಆರ್‌ಸಿ ನವೀಕರಣ ತಪ್ಪಿಸದೆ ಕಾಯಿರಿ. ಚಾಸಿ ತಿರುಚಿದೆ, ಸಿಲ್ ಪುಡಿಯಾಗಿದೆ, ಕಾಗದವೂ ಅರ್ಧಂಬರ್ಧ ಅಂದರೆ ಭಾಗಗಳಿಗಾಗಿ ಬಿಟ್ಟುಕೊಡಿ. ಇಂಥದ್ದೇ ಇನ್ನೊಂದು ಗಾಡಿ ಅದರಿಂದ ಓಡುತ್ತದೆ.

9. ಗ್ಯಾರೇಜಿಗೆ ಕೊಡುವಾಗ, ಮಾರುವಾಗ

ಮಾಡಿಸೋದಾದರೆ ಕೆಲಸವನ್ನು ಹಂತಗಳಾಗಿ ಬರೆದು ಸಹಿ ಹಾಕಿಸಿ. ಚಾಸಿ ಅಳತೆ ಸರಿಯಾದ ಮೇಲೆ ಒಂದು ಕಂತು, ಬಾಗಿಲುಗಳು ಕೂತ ಮೇಲೆ ಇನ್ನೊಂದು, ಹೀಗೆ. ಪೂರ್ತಿ ಮುಂಗಡ ಕೊಟ್ಟ ಗಾಡಿ ಗ್ಯಾರೇಜಿನ ಮೂಲೆ ಸೇರುತ್ತದೆ, ಅದರ ಮೇಲೆ ಬೇರೆಯವರ ಬಂಪರ್ ಒಣಗುತ್ತಿರುತ್ತದೆ. ಬಿಚ್ಚಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಿ ಡಬ್ಬಕ್ಕೆ ಹಾಕಿಸಿ, ಸಾಧ್ಯವಾದರೆ ಸಣ್ಣ ಭಾಗಗಳನ್ನು ಮನೆಯಲ್ಲೇ ಇಟ್ಟುಕೊಳ್ಳಿ.

ಇಡೀ ಗಾಡಿ ಮಾರೋದಾದರೆ ಮಾಲೀಕರ ಹೆಸರು ಬದಲಿಸುವ ಫಾರ್ಮ್ 29 ಮತ್ತು 30 ಸಹಿ ಮಾಡಿ, ಆರ್‌ಸಿ ಕೊಂಡವರ ಹೆಸರಿಗೆ ಹೋದದ್ದನ್ನು ನೀವೇ ನೋಡಿಕೊಳ್ಳಿ. ಭಾಗ ಭಾಗ ಮಾಡಿ ಮಾರೋದಾದರೆ, ಗಾಡಿ ಇನ್ನು ರಸ್ತೆಗೆ ಬರೋದಿಲ್ಲ ಅಂತ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕು. "ಗಾಡಿ ಬ್ಯಾಡ್ರಿ, ಆರ್‌ಸಿ ಮತ್ತ ಆ ನಂಬರ್ ತಗಡು ಅಷ್ಟ ಕೊಡ್ರಿ, ಚಲೋ ರೊಕ್ಕ ಕೊಡ್ತೀನಿ" ಅಂತ ಕೇಳಿಕೊಂಡು ಬರುವವರು ಇರುತ್ತಾರೆ. ನಿಮ್ಮ ಗಾಡಿಯ ನಂಬರನ್ನು ಇನ್ಯಾವುದೋ ಗಾಡಿಗೆ ಹಚ್ಚೋಕೆ ಅದು. ಆ ಗಾಡಿ ಎಲ್ಲಿ ಸಿಕ್ಕಿಬಿದ್ದರೂ ಪೊಲೀಸರು ಮೊದಲು ಬರೋದು ನಿಮ್ಮ ಮನೆಗೆ. ಎಷ್ಟು ರೊಕ್ಕ ಅಂದರೂ ಕೊಡಬೇಡಿ.